ಕಿಕ್ಕಿರಿದ ಬೆಟ್ಟ ಹತ್ತುವಾಗ ನಾನು ಕಲಿತದ್ದು

ಆ ಬೆಟ್ಟಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ತುದಿ ಮುಟ್ಟಲಿಲ್ಲ. ಏರು ಕಷ್ಟವಾಗಿ ಅಲ್ಲ, ಜನರ ಸಾಲಿನಿಂದ. ಕೊನೆಗೆ ಸರಪಳಿ ಹಿಡಿದು ಹತ್ತುವ ಬಂಡೆಯೊಂದಿದೆ. ಅದರ ಬುಡದಲ್ಲಿ ಒಂದೂವರೆ ಗಂಟೆ ನಿಂತೆವು. ಬೆವರಿದ್ದ ಅಂಗಿ ಗಾಳಿಗೆ ತಣ್ಣಗಾಯಿತು, ತೊಡೆ ಮರಗಟ್ಟಿತು, ನೀರು ಅರ್ಧಕ್ಕಿಳಿಯಿತು. ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ಸರಿ, ಹಿಂದಿರುಗುವುದು ಅಂತ ಹೊರಡುವ ಮೊದಲೇ ಮಾತಾಗಿತ್ತು. "ಅಕ್ಕಾ, ಮುಂದೆ ಇನ್ನು ಇಪ್ಪತ್ತೇ ಜನ!" ಅಂತ ತಮ್ಮ ಗೋಗರೆದ. ಆದರೂ ತಿರುಗಿದೆವು. ಮೂರು ಗಂಟೆಗೆ ಮಳೆ ಶುರುವಾಯಿತು. ಅಷ್ಟು ಹೊತ್ತಿಗೆ ನಾವು ಕಲ್ಲಿನ ದಾರಿ ದಾಟಿ ಮರಗಳ ನಡುವೆ ಇಳಿದಿದ್ದೆವು. ಒದ್ದೆಯಾದ ಆ ಬಂಡೆಯ ಮೇಲೆ ಅಷ್ಟೊಂದು ಜನ ಇನ್ನೂ ಇದ್ದಾರಲ್ಲ ಅಂತ ನೆನೆದು ಎದೆ ಝಲ್ಲೆಂದಿತು.

ಎರಡನೇ ಸಲ ಮೊದಲು ಸಮಯದ ಲೆಕ್ಕ ಹಾಕಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ 6 ಕಿ.ಮೀ., ಏರು 900 ಮೀಟರ್. ಅಂದರೆ 2 ಗಂಟೆ 42 ನಿಮಿಷ. ಆದರೆ ಇದರಲ್ಲಿ ಕೂತು ಸುಧಾರಿಸಿಕೊಳ್ಳುವ ಹೊತ್ತೂ ಇಲ್ಲ, ಸಾಲಿನಲ್ಲಿ ಕಾಯುವ ಹೊತ್ತೂ ಇಲ್ಲ. ಹಾಗಾಗಿ ನಾಲ್ಕೂವರೆ ಗಂಟೆ ಇಟ್ಟುಕೊಂಡೆವು. ರಜೆಯಿಲ್ಲದ ದಿನ ನೋಡಿ, ಬೆಳಗಿನ ಜಾವ 4:30ಕ್ಕೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೊರಟೆವು. ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಅನ್ನುವ ಬಂಡೆಯಿದೆ. ಕೇಬಲ್ ಹಿಡಿದು ಹತ್ತುವ ಅದರ ಕೊನೆಯ 400 ಅಡಿಯಲ್ಲಿ ಜನ ಜಾಸ್ತಿಯಾಗಿ, 2010ರಿಂದ ಪರವಾನಗಿ ಪದ್ಧತಿ ತಂದರು. ನಾವು ಹೋದ ಬೆಟ್ಟದಲ್ಲಿ ಅಂಥದ್ದೇನೂ ಇರಲಿಲ್ಲ. ಜನ ಕಡಿಮೆ ಇರುವ ಹೊತ್ತನ್ನು ನಾವೇ ಹುಡುಕಿಕೊಳ್ಳಬೇಕಿತ್ತು.

ಬೆಳಕು ಹರಿದ ಮೇಲೆ ಹಿಂದಿನಿಂದ ಜನ ಬರತೊಡಗಿದರು. ಹಿಂದೆ ಯಾರದೋ ಏದುಸಿರು ಕೇಳಿದರೆ ನಮ್ಮ ಕಾಲು ತಾನಾಗಿ ಜೋರಾಗುತ್ತದೆ, ಅಲ್ವಾ? ಸುಸ್ತು ಶುರುವಾಗುವುದೇ ಅಲ್ಲಿಂದ. ಒಂದು ಪೂರ್ತಿ ವಾಕ್ಯ ತಡವರಿಸದೆ ಆಡಲು ಆಗುತ್ತಿದ್ದರೆ ಮಾತ್ರ ನನ್ನ ನಡಿಗೆ ಸರಿಯಾಗಿದೆ ಎಂದರ್ಥ. ಆಗದಿದ್ದರೆ ಅಗಲ ಜಾಗ ನೋಡಿ ನಿಲ್ಲುತ್ತೇನೆ, ಹಿಂದಿನವರನ್ನು ಮುಂದೆ ಬಿಡುತ್ತೇನೆ.

ದಾರಿ ಬಿಡುವಾಗ ಎಲ್ಲಿ ನಿಲ್ಲುತ್ತೇವೆ ಅನ್ನುವುದು ತುಂಬಾ ಮುಖ್ಯ. ಮರ್ಯಾದೆಗೆಂದು ಎಷ್ಟೋ ಜನ ಕಣಿವೆಯ ಬದಿಗೆ ಸರಿಯುತ್ತಾರೆ. ನನ್ನ ಮುಂದಿದ್ದ ಹಿರಿಯರೊಬ್ಬರು ಹಾಗೇ ಸರಿದರು. ಅಂಚಿನಲ್ಲಿ ಹುಲ್ಲು ಮುಚ್ಚಿಕೊಂಡಿತ್ತು, ಕೆಳಗೆ ಸಡಿಲ ಮಣ್ಣು. ಎಡಗಾಲಿನ ಹಿಮ್ಮಡಿ ಸದ್ದಿಲ್ಲದೆ ಕುಸಿಯಿತು. ಅವರ ಬ್ಯಾಗಿನ ಪಟ್ಟಿ ಕೈಗೆ ಸಿಕ್ಕಿತು, ಗಟ್ಟಿಯಾಗಿ ಹಿಡಿದು ಒಳಕ್ಕೆ ಎಳೆದೆ. ಉದುರಿದ ಮಣ್ಣಿನ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ನಿಲ್ಲುವುದಾದರೆ ಬೆಟ್ಟದ ಗೋಡೆಯ ಕಡೆಗೇ ನಿಲ್ಲಬೇಕು. ಬೆನ್ನಿನ ಚೀಲ ಗೋಡೆಗೆ ತಾಗಿರಲಿ, ಮುಖ ದಾರಿಯ ಕಡೆ ಇರಲಿ. ಚೀಲ ಹೊತ್ತು ಸಟ್ಟನೆ ತಿರುಗಿದರೆ ಪಕ್ಕದವರನ್ನೇ ತಳ್ಳಿಬಿಡುತ್ತೇವೆ.

ಇನ್ನೊಂದು ಭಯ ಕಲ್ಲಿನದು. ದಾರಿ ಹಾವಿನಂತೆ ಸುತ್ತಿ ಏರುವ ಕಡೆ ನಮ್ಮ ತಲೆಯ ಮೇಲೇ ಇನ್ನೊಂದು ಸುತ್ತಿನ ಜನ ನಡೆಯುತ್ತಿರುತ್ತಾರೆ. ಅಂಥಲ್ಲಿ ಕೂರಬಾರದು. ನಮ್ಮ ಮೇಲಿದ್ದ ಯಾರದೋ ಕಾಲಿಗೆ ತಾಗಿ ಮುಷ್ಟಿಯಷ್ಟು ಕಲ್ಲು ಹೊರಟಿತು. ಮೊದಲು ಉರುಳಿತು, ಆಮೇಲೆ ಪುಟಿಯಿತು, ನಮ್ಮ ಹತ್ತಿರ ಬರುವಾಗ ಹಾರುತ್ತಿತ್ತು. ತಮ್ಮ "ಕಲ್ಲು! ಕಲ್ಲು!" ಅಂತ ಕೂಗಿದ. ಅಷ್ಟು ಕೂಗಿದರೆ ಸಾಕು, ಆದರೆ ಜೋರಾಗಿ ಕೂಗಬೇಕು. ಕೂಗು ಕೇಳಿದವರು ತಲೆಯೆತ್ತಿ ನೋಡಬಾರದು. ಗೋಡೆಗೆ ಅಂಟಿಕೊಂಡು ತಲೆಯ ಮೇಲೆ ಚೀಲ ಹಿಡಿಯಬೇಕು.

ಸರಪಳಿಯ ಹತ್ತಿರ ಆವತ್ತು ಆರೇ ಜನ ಇದ್ದರು. ಎರಡು ಕಂಬಗಳ ನಡುವೆ ಒಬ್ಬರೇ ಇರುವಂತೆ ಹತ್ತಿದೆವು. ಅದೇ ತುಂಡನ್ನು ಇನ್ನೊಬ್ಬರು ಜಗ್ಗಿದರೆ ನಮ್ಮ ತೂಕ ಪಕ್ಕಕ್ಕೆ ಹೋಗುತ್ತದೆ. ಭಾರವೆಲ್ಲ ಕಾಲಿನ ಮೇಲೆ, ಸರಪಳಿ ಬರೀ ಆಸರೆಗೆ. ಊರುಗೋಲು ಮಡಚಿ ಚೀಲಕ್ಕೆ ಹಾಕಿದ್ದೆವು. ಕೈಯಲ್ಲಿ ನೇತಾಡಿದರೆ ಅದರ ಮೊನೆ ಹಿಂದಿನವರ ಕಣ್ಣಿನ ಮಟ್ಟಕ್ಕೇ ಬರುತ್ತದೆ.

8:50ಕ್ಕೆ ತುದಿಯಲ್ಲಿದ್ದೆವು. ಫೋಟೋಗೆ ಅಂಚಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಕೂತು, ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿಕೊಂಡೆ. ಇಲ್ಲದಿದ್ದರೆ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ನಜ್ಜಾಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕಿನ ಕೆಲಸ ಮಾಡಬೇಕು. ಕಾಲು ನಡುಗುವುದು ಅದಕ್ಕೇ. ಸಣ್ಣ ಹೆಜ್ಜೆ, ಮೊಣಕಾಲು ಚೂರು ಬಾಗಿರಬೇಕು, ಹಿಂದಕ್ಕೆ ವಾಲಬಾರದು. ಹತ್ತಿ ಬರುವವರಿಗೆ ಮೊದಲು ದಾರಿ ಬಿಟ್ಟೆವು. ತೀರಾ ಕಿರಿದಾದ ಕಡೆ ಮಾತ್ರ, ಯಾರ ಪಕ್ಕದಲ್ಲಿ ನಿಲ್ಲಲು ಜಾಗ ಇತ್ತೋ ಅವರು ನಿಂತರು.

ಬಂಡೆಯ ಕೆಳಗೆ ಸಾಲು ಬೆಳೆಯುತ್ತಿತ್ತು. ಒಬ್ಬ ಹುಡುಗ "ಇನ್ನೆಷ್ಟು ದೂರ ಆಂಟಿ?" ಅಂತ ಕೇಳಿದ. ಬೆಟ್ಟದಲ್ಲಿ ಎಲ್ಲರೂ "ಇನ್ನೇನು ಬಂದೇ ಬಿಡ್ತು" ಅಂತಾರೆ. ನನಗೆ ಹಾಗೆ ಹೇಳಲು ಮನಸ್ಸಾಗಲಿಲ್ಲ.

"ದೂರ ಸ್ವಲ್ಪವೇ ಕಣಪ್ಪ. ಆದರೆ ಇಲ್ಲಿ ಒಂದು ಗಂಟೆಯಾದರೂ ಕಾಯಬೇಕಾಗುತ್ತೆ. ನೀರು ಎಷ್ಟಿದೆ?"

ಅವನು ಬಾಟಲಿ ಎತ್ತಿ ತೋರಿಸಿದ. ತಳದಲ್ಲಿ ನಾಲ್ಕು ಗುಟುಕು ಇತ್ತು. ನನ್ನ ಚೀಲದಲ್ಲಿ ಇನ್ನೂ ಒಂದು ಲೀಟರ್ ಉಳಿದಿತ್ತು. ಅರ್ಧ ಅವನಿಗೆ ಸುರಿದುಕೊಟ್ಟೆ. ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀಯ ಅಂತ ಕೇಳಿದೆ. ಅವನು ಗೆಳೆಯರ ಮುಖ ನೋಡಿದ. ಅವರು ಅಲ್ಲೇ ನಿಂತು ಮಾತಾಡಿಕೊಂಡು, ಹನ್ನೆರಡು ಅಂದರು.