ಕಲ್ಲಿನ ಉದ್ದ ಕೇಳಿ ಮನೆ ನಕ್ಷೆ ಹಾಕಿದೆ

ಪಾವಗಡದ ಕಡೆ ಯಾರಿಗಾದರೂ ಪ್ಲಾನ್ ಹಾಕಿಕೊಡಲು ಹೋದರೆ ಮೊದಲ ಪ್ರಶ್ನೆ "ಎಷ್ಟು ಚದರ ಮೋಲ್ಡ್ ಬರುತ್ತೆ ಸಾರ್?" ಎಂದೇ. ಮೋಲ್ಡ್ ಅಂದರೆ ಕಾಂಕ್ರೀಟ್ ಮಾಳಿಗೆ. ಅಲ್ಲೇ ಕಲ್ಲು ಚಪ್ಪಡಿ ಹೊದಿಸಿ ಕಟ್ಟಿದ ಈ ಒಂದು ಮನೆಗೆ ಮಾತ್ರ ನಾನು ಮೊದಲು ಹೋಗಿದ್ದು ಬಂಡೆ ಹತ್ತಿರ. ಎಷ್ಟುದ್ದದ ಚಪ್ಪಡಿ ಏಳುತ್ತದೆ ಎಂದು ಕಲ್ಲು ಒಡೆಯುವವರನ್ನು ಕೇಳಿದೆ. ಆ ಅಳತೆ ಹಿಡಿದುಕೊಂಡೇ ಕೋಣೆಗಳನ್ನು ಬರೆದೆ.

ಮನೆಯವರು ರೈತರು. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಮಗ ಫೋನಿನಲ್ಲಿ ಜೈಸಲ್ಮೇರಿನ ಹವೇಲಿಗಳನ್ನು ತೋರಿಸಿ, "ನಮ್ದೂ ಬರದ ಸೀಮೆ ತಾನೆ, ಇದೇ ಥರ ಹಳದಿ ಕಲ್ಲು, ಜಾಲಿ ಕೆತ್ತನೆ ಹಾಕಿಸೋಣ" ಎಂದರು. ಚಿತ್ರ ಚೆನ್ನಾಗಿತ್ತು. ಆದರೆ ಅದು ಮರಳುಗಲ್ಲು, ಮೆತ್ತಗಿರುತ್ತದೆ, ಅದರಲ್ಲಿ ಸಣ್ಣ ಸಣ್ಣ ತೂತು ಕೊರೆಯಬಹುದು. ನಮ್ಮದು ಗಟ್ಟಿ ಗ್ರಾನೈಟ್. ಕೊರೆಯಲು ಒಗ್ಗದಿದ್ದರೂ ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತದೆ.

ಏಳಿಸುವುದನ್ನು ನೋಡಬೇಕು. ಬಂಡೆಯ ಮೇಲೆ ಸೌದೆ ಹಚ್ಚಿ ನಿಧಾನಕ್ಕೆ ಕಾಯಿಸುತ್ತಾರೆ. ಮೇಲಿನ ಪದರ ಹಿಗ್ಗಿ ಕೆಳಗಿನದನ್ನು ಬಿಡುತ್ತದೆ. ಒಬ್ಬರು ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗುತ್ತಾರೆ. ಬಿಟ್ಟ ಕಡೆ ಸದ್ದು ಬೇರೆ, ಹಿಡಿದುಕೊಂಡಿರುವ ಕಡೆ ಬೇರೆ. ಸದ್ದು ಕೇಳಿಕೊಂಡೇ ಬೆಂಕಿಯನ್ನು ಮುಂದಕ್ಕೆ ತಳ್ಳುತ್ತಾರೆ. ಆಮೇಲೆ ದಾರ ಹಿಡಿದು ಗೆರೆ ಹಾಕಿ, ಗೆರೆಯುದ್ದಕ್ಕೂ ಉಳಿಯಲ್ಲಿ ಗುಳಿ ತೋಡಿ ಸಮ್ಮಟಿಗೆಯಲ್ಲಿ ಹೊಡೆದರೆ ಕಲ್ಲು ಅಲ್ಲಿಗೇ ಸೀಳುತ್ತದೆ.

ಅಲ್ಲಿದ್ದ ಹಿರಿಯರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಿದ್ದು ಇಷ್ಟು: ಹತ್ತಡಿ ಕಲ್ಲೂ ಏಳುತ್ತೆ, ಆದರೆ ಮೇಲೆ ಮಣ್ಣು ಹೇರುವ ಮಾಳಿಗೆಗೆ ಎಂಟಡಿ ದಾಟಬೇಡಿ. ನನ್ನ ಲೆಕ್ಕವೂ ಅದೇ ಹೇಳಿತು. ಎಂಟಡಿ ಉದ್ದ, ಎರಡಡಿ ಅಗಲ, ನಾಲ್ಕು ಇಂಚು ದಪ್ಪದ ಚಪ್ಪಡಿ ಒಂದೇ ಸುಮಾರು 400 ಕೆ.ಜಿ. ತೂಗುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್ ಮುರಿಯುವ ಮುಂಚೆ ಬಿರುಕು ಬಿಟ್ಟು, ಬಾಗಿ ಎಚ್ಚರಿಸುತ್ತದೆ. ಕಲ್ಲು ಒಂದು ಮಾತೂ ಹೇಳದೆ ಮುರಿಯುತ್ತದೆ. ಹಾಗಾಗಿ ಕೂಡಿಸುವ ಮುಂಚೆ ಪ್ರತಿ ಚಪ್ಪಡಿಯನ್ನೂ ತಟ್ಟಿ ನೋಡಿದೆವು. ಠಣ್ ಎನ್ನದೆ ಮಂದ ಸದ್ದು ಬಂದಿದ್ದನ್ನು ಅಂಗಳಕ್ಕೆ ಹಾಸಲು ಬಿಟ್ಟೆವು.

ಎರಡೂ ಗೋಡೆಯ ಮೇಲೆ ಅರ್ಧರ್ಧ ಅಡಿ ಕೂತರೆ ಒಳಗೆ ಸಿಗುವುದು ಏಳಡಿ. ಅದೇ ಒಂದು ಅಂಕಣ. ಅಡುಗೆಮನೆ, ಉಗ್ರಾಣ, ಬಚ್ಚಲು ಒಂದೊಂದೇ ಅಂಕಣ. ಮಲಗುವ ಕೋಣೆಗೆ ನಡುವೆ ಕಲ್ಲಿನ ತೊಲೆ ಕೊಟ್ಟು ಎರಡು ಅಂಕಣ. ನಡುಮನೆಗೂ ಎರಡು, ಮಧ್ಯೆ ಕಲ್ಲುಕಂಬ. "ಹಾಲ್ ಮಧ್ಯೆ ಕಂಬ ಬಂದ್ರೆ ಟಿವಿ ಕಾಣಲ್ಲ" ಎಂದು ಮಗನ ತಕರಾರು. "ಒರಗಿಕೊಂಡು ಕೂತ್ಕೋಬಹುದು ಬಿಡೋ" ಎಂದರು ಅಜ್ಜಿ. ಮಾತು ಅಲ್ಲಿಗೆ ಮುಗಿಯಿತು.

ಈಗ ಬಿಸಿಲಿನ ವಿಷಯ. ಪಾವಗಡದಲ್ಲಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ತಿರುಮಣಿಯ ಹತ್ತಿರ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಸುಮ್ನೆ ಬರಲಿಲ್ಲ. ಅಂದರೆ ಗೋಡೆಗಿಂತ ಮಾಳಿಗೆಗೇ ಜಾಸ್ತಿ ಬಿಸಿಲು, ದುಡ್ಡನ್ನೂ ಅಲ್ಲೇ ಹಾಕಬೇಕು. ಕಲ್ಲಿನ ಮನೆ ತಂಪು ಎಂದು ಜನ ಹೇಳುತ್ತಾರೆ, ಅರ್ಧ ಸುಳ್ಳು. ಗ್ರಾನೈಟ್ ಕಾಂಕ್ರೀಟಿಗಿಂತ ಬೇಗ ಬಿಸಿಯನ್ನು ಒಳಗೆ ಬಿಡುತ್ತದೆ. ಬರೀ ಚಪ್ಪಡಿ ಹೊದಿಸಿದ ಮನೆಯಲ್ಲಿ ಬೇಸಿಗೆ ಸಂಜೆ ಕೂತವರಿಗೆ ಇದು ಗೊತ್ತು. ತಂಪು ಕೊಡುವುದು ಮೇಲಿನ ಮಣ್ಣು.

ಈ ಸೀಮೆಯ ಹಳೇ ಮಾಳಿಗೆಗಳ ಮೇಲೆ ಚೌಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು ಇರುತ್ತದೆ. ಮಳೆ ಬಿದ್ದರೆ ಅದು ನುಣ್ಣಗೆ ಕರಗಿ ಸಂದು ಮುಚ್ಚುತ್ತದೆ, ಹುಲ್ಲೂ ಹುಟ್ಟಲ್ಲ. ಒಳ್ಳೇ ಉಪಾಯ. ಆದರೂ ನಾನು ಅದನ್ನು ದನದ ಕೊಟ್ಟಿಗೆಗೆ ಮಾತ್ರ ಹಾಕಿಸಿದೆ, ಕಾರಣ ಕುಡಿಯುವ ನೀರು. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮಾಳಿಗೆಯ ಮಳೆನೀರೇ ಇವರಿಗೆ ಆಸರೆ. ಚೌಳಿನ ಮೇಲೆ ಹರಿದ ನೀರು ಉಪ್ಪುಪ್ಪು. ಅದಕ್ಕೇ ಮನೆಯ ಮೇಲೆ ಚಪ್ಪಡಿ, ಸಂದಿಗೆ ಸುಣ್ಣದ ಗಾರೆ, ನಾಲ್ಕು ಇಂಚು ಕೆಮ್ಮಣ್ಣು, ಅದರ ಮೇಲೆ ಸುಣ್ಣದಲ್ಲಿ ಕೂಡಿಸಿದ ಚಪ್ಪಟೆ ಇಟ್ಟಿಗೆ ಬಿಲ್ಲೆ. ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಕೊನೆಗೆ ಬಿಳಿ ಸುಣ್ಣ ಬಳಿಸಿದೆವು, ಅರ್ಧ ಬಿಸಿಲು ಅಲ್ಲಿಂದಲೇ ವಾಪಸ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದುಕೊಂಡರೂ 1000 ಚದರಡಿ ಮಾಳಿಗೆಯ ಮೇಲೆ 46 ಸಾವಿರ ಲೀಟರ್ ಬೀಳುತ್ತದೆ. ಹೋಗಿದ್ದು ಹೋಗಿ 35 ಸಾವಿರ ಲೀಟರ್ ನೆಲದಡಿಯ ಸಂಪ್ ತೊಟ್ಟಿಗೆ ಇಳಿದರೂ ಐದು ಜನರ ಕುಡಿಯೋಕೆ, ಅಡುಗೆಗೆ ವರ್ಷವಿಡೀ ಸಾಕು.

ಗೋಡೆ ಬಗ್ಗೆ ಹೇಳುವುದು ಕಮ್ಮಿ. ಕೃಷಿ ಹೊಂಡ ತೆಗೆದ ಕೆಮ್ಮಣ್ಣಿಗೆ ನೂರಕ್ಕೆ ಏಳು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಇದೇನು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುತ್ತಿದ್ದ 'ಅಸ್ತ್ರ' ತಂಡ ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಕೇಂದ್ರ ಇಟ್ಟುಕೊಂಡು ಇಂಥ ಕೆಲಸ ಮಾಡಿತ್ತು. ಬಚ್ಚಲು, ಉಗ್ರಾಣ ಎರಡನ್ನೂ ಪಡುವಣಕ್ಕೆ ತಳ್ಳಿ ಸಂಜೆ ಬಿಸಿಲನ್ನು ಅವುಗಳಿಗೇ ಬಿಟ್ಟೆ. ಜಾಲಿ ಬದಲು ನಡುಮನೆಯ ಮೇಲೆ ಗವಾಕ್ಷಿ, ಅಂದರೆ ಮಾಳಿಗೆಯಲ್ಲೇ ಬಿಟ್ಟ ಕಿಂಡಿ. ಬೆಳಕೂ ಬರುತ್ತದೆ, ಬಿಸಿಗಾಳಿಯೂ ಮೇಲೆ ಹೋಗುತ್ತದೆ. ಮಳೆ ಬಂದರೆ ಮುಚ್ಚಲು ಒಬ್ಬರು ಮೇಲೆ ಓಡಬೇಕು, ಅದಕ್ಕೆ ಮಕ್ಕಳಿದ್ದಾರೆ.

ಬೇಸಿಗೆ ಮಧ್ಯಾಹ್ನ ಒಳಗೆ ಫ್ಯಾನ್ ಸಾಕು. ರಾತ್ರಿ ಮಾತ್ರ ಕಿಟಕಿ ತೆಗೆದಿಡಲೇಬೇಕು, ಇಲ್ಲದಿದ್ದರೆ ಗೋಡೆ ಹೀರಿದ ಬಿಸಿ ಬೆಳಗಿನವರೆಗೂ ಒಳಗೇ. ಕಿಟಕಿಗೆ ಗಟ್ಟಿ ಸರಳು, ಸೊಳ್ಳೆ ಪರದೆ ಎರಡೂ ಲೆಕ್ಕದಲ್ಲಿರಲಿ.

ಖರ್ಚು ಆರ್‌ಸಿಸಿಗಿಂತ ಕಮ್ಮಿ ಎಂದು ನಾನು ಯಾರಿಗೂ ಹೇಳಲ್ಲ. ಸಿಮೆಂಟು, ಕಬ್ಬಿಣದಲ್ಲಿ ಉಳಿದಿದ್ದು ಕೂಲಿಗೆ ಹೋಗುತ್ತದೆ. ಸಾಲಕ್ಕೆ ಹೋದ ಬ್ಯಾಂಕಿನವರು ಮಣ್ಣಿನ ಗೋಡೆ ಎಂದ ತಕ್ಷಣ ಕಚ್ಚಾ ಮನೆ ಎಂದು ಬರೆದರು. ಇಟ್ಟಿಗೆಯ ಲ್ಯಾಬ್ ರಿಪೋರ್ಟ್ ಕೊಟ್ಟ ಮೇಲೆ ಸರಿಹೋಯಿತು. ಕಲ್ಲು ಸೀಳುವವರ ಮಕ್ಕಳು ಈಗ ಕ್ರಷರ್ ಲಾರಿ ಓಡಿಸುತ್ತಾರೆ, ಕೈ ಕೆಲಸದವರು ಸಿಗುವುದೇ ಕಷ್ಟ. ಯೋಚನೆ ಇರುವವರು ಮೊದಲು ಚಪ್ಪಡಿಗೆ ಅಡ್ವಾನ್ಸ್ ಕೊಡಿ, ಪಾಯ ಆಮೇಲೆ ತೆಗೆಯಿರಿ.