ಹೊಳೆದಂಡೆಯ ಘಟಕದಲ್ಲಿ ಕ್ಲೋರಿನ್ ಸೋರಿದರೆ

ಶಿವಮೊಗ್ಗಕ್ಕೆ ತುಂಗೆಯೇ ಕುಡಿಯುವ ನೀರು. ಹೊಳೆದಂಡೆಯ ಶುದ್ಧೀಕರಣ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರ್ ಇಡುವುದೂ ವಾಡಿಕೆ. ಅದು ಸೋರಿದಾಗ ಜನ ಹೊಳೆಯತ್ತ ಇಳಿದು ಓಡುತ್ತಾರೆ, ಇಲ್ಲವೇ ಸಿಲಿಂಡರ್‌ಗೆ ನೀರು ಹೊಡೆಯುತ್ತಾರೆ. ಎರಡೂ ಪ್ರಾಣಕ್ಕೆ ಎರವು.

ಬ್ಲೀಚಿಂಗ್ ಪುಡಿಯಂಥ ಘಾಟು ಬಡಿದೊಡನೆ ಹೊರಡಬೇಕು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ನೆಲ ಹಿಡಿದು ಹರಿದು, ಹೊಳೆಪಾತ್ರದಲ್ಲಿ, ತೋಟದ ಬಸಿಗಾಲುವೆಯಲ್ಲಿ ಮಡುಗಟ್ಟುತ್ತದೆ. ಅಡಿಕೆ ಸೋಗೆಯ ತುದಿ ಯಾವ ಕಡೆ ವಾಲುತ್ತಿದೆ ಎಂಬುದನ್ನು ನೋಡಿ, ಗಾಳಿಗೆ ಅಡ್ಡಲಾಗಿ ನಡೆದು ಅನಿಲದಿಂದ ಹೊರಬಂದು, ಆಮೇಲೆ ಗಾಳಿ ಬೀಸಿ ಬರುವ ಕಡೆಯ ದಿಬ್ಬ ಹತ್ತಬೇಕು. ಅಲ್ಲಿಂದ 112ಕ್ಕೆ ಕರೆ ಮಾಡಿ.

ಸೋರಿಕೆ ನಿಲ್ಲಿಸುವುದು ತರಬೇತಿ ಪಡೆದವರ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಜೊತೆಯಾಗಿಯೇ ಒಳಹೋಗಬೇಕು. ಔಷಧಿ ಅಂಗಡಿಯ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ, ಅದನ್ನು ನಂಬಿ ಯಾರೂ ಒಳಗೆ ಕಾಲಿಡಬಾರದು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅಮೋನಿಯಾ ದ್ರಾವಣದಲ್ಲಿ ಅದ್ದಿ ವಾಲ್ವಿನ ಸುತ್ತ ಹಿಡಿದರೆ, ಸೋರುವ ಜಾಗದಲ್ಲಿ ಬಿಳಿ ಹೊಗೆ ಏಳುತ್ತದೆ. ಬಹುದಿನದಿಂದ ತೆರೆದಿಟ್ಟ ಬಾಟಲಿಯ ಅಮೋನಿಯಾ ಸತ್ವಗೆಟ್ಟಿರುತ್ತದೆ, ಅದು ಬೇಡ. ಜಾಗ ಗೊತ್ತಾದ ಮೇಲೆ, ಸೋರುವ ಭಾಗ ಮೇಲಕ್ಕೆ ಬರುವಂತೆ ಸಿಲಿಂಡರನ್ನು ಹೊರಳಿಸುವುದೇ ಎಲ್ಲಕ್ಕಿಂತ ಮುಖ್ಯ: ಕೆಳಗಿದ್ದರೆ ದ್ರವ ಹೊರಬಿದ್ದು, ಒಂದು ಲೀಟರ್ ದ್ರವ ಸುಮಾರು 450 ಲೀಟರ್ ಅನಿಲವಾಗುತ್ತದೆ, ಮೇಲಿದ್ದರೆ ಬರುವುದು ಅನಿಲ ಮಾತ್ರ. ಬಳಿಕವೇ ವಾಲ್ವಿನ ಗ್ಲ್ಯಾಂಡ್ (ವಾಲ್ವಿನ ಕಡ್ಡಿಯ ಸುತ್ತ ಸೋರಿಕೆ ತಡೆಯುವ ನಟ್ಟು) ಬಿಗಿ ಮಾಡುವುದು, ಸೋರಿಕೆ ತಡೆಯುವ ತುರ್ತು ಕಿಟ್‌ನ ಟೋಪಿಯಂಥ ಮುಚ್ಚಳ ಕೂರಿಸುವುದು.

ಸೋರುವ ಬಾಯಿಗೆ ಮಾತ್ರ ನೀರು ತಾಗಬಾರದು. ನೀರು ಬೆರೆತ ಕ್ಲೋರಿನ್ ಆಮ್ಲವಾಗಿ ಲೋಹ ತಿಂದು ತೂತನ್ನು ಹಿಗ್ಗಿಸುತ್ತದೆ. ಸಿಲಿಂಡರನ್ನು ಹೊಳೆಗೆ ಉರುಳಿಸಿದರೆ ಪೀಡೆ ಹೋಯಿತೆನ್ನುವವರ ಮಾತು ಕೇಳಲೇಬೇಡಿ; ಅದು ತೇಲುತ್ತಲೇ ಅನಿಲ ಉಗುಳಬಹುದು, ಮೀನುಗಳಂತೂ ಸಾಯುತ್ತವೆ. ದೂರದಲ್ಲಿ ಅನಿಲ ತಡೆಯಲು ಅಗ್ನಿಶಾಮಕ ದಳ ಸಿಂಪಡಿಸುವ ನೀರೂ ಆಮ್ಲವಾಗುವುದರಿಂದ, ಹೊಳೆಗಿಳಿಯುವ ಚರಂಡಿಗೆ ಮೊದಲೇ ಮರಳುಚೀಲ ಅಡ್ಡವಿಡಿ.

ಅನಿಲ ತಾಗಿದವರ ಬಟ್ಟೆ ಕಳಚಿ, ಕಣ್ಣನ್ನು 15 ನಿಮಿಷ ನೀರಿನಲ್ಲಿ ತೊಳೆಯಿರಿ. ಕೆಮ್ಮು ನಿಂತಿತೆಂದು ಮನೆಗೆ ಕಳಿಸಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆಗಳ ಮೇಲೆ ಕಾಣಿಸಬಹುದು, ಆಸ್ಪತ್ರೆ ತಪ್ಪಿಸುವಂತಿಲ್ಲ. ಘಾಟು ಕಡಿಮೆಯಾದರೂ ನೆಲಮಟ್ಟಕ್ಕಿಂತ ಕೆಳಗಿರುವ ಪಂಪ್‌ಮನೆಗೆ, ಬಾವಿಗೆ, ದಳದವರು ಪರೀಕ್ಷಿಸಿ ಹೇಳುವವರೆಗೆ ಯಾರೂ ಇಳಿಯಕೂಡದು.