ಜಪಾನಿನ ಎಂಜಿನಿಯರ್‌ಗಳಿಗೆ ಬೆಂಗಳೂರಿನಿಂದ ಇಂಗ್ಲಿಷ್ ಪಾಠ: ನನ್ನ ಅನುಭವ

ಇಂಗ್ಲಿಷ್ ಪಾಠವನ್ನೂ ರಫ್ತು ಮಾಡಬಹುದು ಅಂದರೆ ತುಂಬ ಜನ ನಂಬುವುದಿಲ್ಲ. ಇಂಗ್ಲಿಷ್ ಬೇಕಾದವರು ಬ್ರಿಟನ್‌ಗೋ ಅಮೆರಿಕಕ್ಕೋ ಹೋಗುತ್ತಾರೆ, ನಮ್ಮ ಹತ್ತಿರ ಯಾಕೆ ಬರುತ್ತಾರೆ ಅಂತ ಕೇಳುತ್ತಾರೆ. ನಾನು ಬೆಂಗಳೂರಿನ ಮನೆಯಲ್ಲೇ ಕೂತು ಜಪಾನಿನ ಎಂಜಿನಿಯರ್‌ಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಫೀಸು ಯೆನ್‌ನಲ್ಲಿ ಬರುತ್ತದೆ. ಇದಕ್ಕೆ ಅಮೆರಿಕದ ಉಚ್ಚಾರಣೆ ಬೇಕಾಗಲಿಲ್ಲ. ಕನ್ನಡದ ಮನೆಯಲ್ಲಿ ಬೆಳೆದು, ಆಮೇಲೆ ಇಂಗ್ಲಿಷ್ ಕಲಿತದ್ದೇ ಉಪಯೋಗಕ್ಕೆ ಬಂತು. ಅದು ಹೇಗೆ ಅಂತ ಬರೆಯುತ್ತೇನೆ, ಇನ್ನೂ ನಾಲ್ಕು ಜನ ಈ ದಾರಿಗೆ ಬರಲಿ ಅನ್ನುವ ಆಸೆ ನನಗಿದೆ.

ಮೊದಲು ಮಾರುಕಟ್ಟೆಯ ವಿಷಯ. ಜಪಾನಿನ ಆನ್‌ಲೈನ್ ಇಂಗ್ಲಿಷ್ ವ್ಯಾಪಾರದಲ್ಲಿ ದೊಡ್ಡ ಪಾಲು ಫಿಲಿಪೀನ್ಸ್ ಶಿಕ್ಷಕರದ್ದು. ರೇರ್‌ಜಾಬ್ ಅನ್ನುವ ಜಪಾನಿ ಕಂಪನಿ 2007ರಲ್ಲೇ ಶುರುವಾಯಿತು. 25 ನಿಮಿಷದ ಪಾಠ, ತಿಂಗಳ ಪ್ಲಾನ್ ತಗೊಂಡರೆ ಒಂದು ಪಾಠಕ್ಕೆ ಕೆಲವು ನೂರು ಯೆನ್ ಬೀಳುತ್ತದೆ, ಅಷ್ಟೇ. ಸುಮ್ನೆ ಮಾತಾಡಿ ಅಭ್ಯಾಸ ಮಾಡುವವರಿಗೆ ಅದು ಸಾಕು. ಫಿಲಿಪೀನ್ಸಿನವರು ಆ ಕೆಲಸವನ್ನು ತುಂಬ ಚೆನ್ನಾಗಿ ಮಾಡುತ್ತಾರೆ. ಅಲ್ಲಿ ಹೋಗಿ ಅವರಿಗಿಂತ ಕಡಿಮೆ ರೇಟು ಹೇಳಿ ಗೆಲ್ಲುತ್ತೇನೆ ಅನ್ನುವುದರಲ್ಲಿ ಅರ್ಥವಿಲ್ಲ.

ಆ್ಯಪ್‌ಗಳ ಮೂಲಕವೂ ಕಲಿಸಬಹುದು. ಪ್ರೆಪ್ಲಿ, ಐಟಾಕಿ ಇಂಥವು. ಕಮಿಷನ್ ನೋಡಿಕೊಂಡು ಹೋಗಿ. ಪ್ರೆಪ್ಲಿಯಲ್ಲಿ ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ಪಾಠದ ಹಣ ಪೂರ್ತಿ ಆ್ಯಪ್‌ನವರಿಗೇ. ಆಮೇಲೆ 33 ಪರ್ಸೆಂಟ್‌ನಿಂದ ಶುರುವಾಗಿ, ಗಂಟೆಗಳು ಕೂಡಿದ ಹಾಗೆ 18ಕ್ಕೆ ಇಳಿಯುತ್ತದೆ. ಅನುಭವ ಬರಲಿ ಅಂತ ಸ್ವಲ್ಪ ದಿನ ಇರುವುದು ಬೇರೆ, ಅದನ್ನೇ ನೆಚ್ಚಿಕೊಳ್ಳುವುದು ಬೇರೆ. ಚೀನಾದ ಕಥೆ ಗೊತ್ತಿದೆಯಲ್ವಾ? 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಹೊಸ ನಿಯಮ ತಂದು, ಹೊರದೇಶದಲ್ಲಿ ಕೂತವರು ಚೀನಾದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕಲಿಸುವುದನ್ನು ನಿಲ್ಲಿಸಿತು. ವಿಐಪಿಕಿಡ್‌ನಂಥ ಕಂಪನಿಗಳಲ್ಲಿ ಕಲಿಸುತ್ತಿದ್ದ ಸಾವಿರಾರು ಅಮೆರಿಕನ್ ಶಿಕ್ಷಕರ ಕೆಲಸ ಹೋಯಿತು. ಒಂದೇ ದೇಶದ ಮಕ್ಕಳು, ಒಂದೇ ಆ್ಯಪ್ ಅಂತ ನೆಚ್ಚಿಕೊಂಡರೆ ಇರುವ ಅಪಾಯ ಇದು.

ನನಗೆ ದಾರಿ ಸಿಕ್ಕಿದ್ದು ಬೆಂಗಳೂರಿನಲ್ಲೇ. ಬಿಡದಿ, ನರಸಾಪುರದ ಕಡೆ ಜಪಾನಿ ವಾಹನ ಕಾರ್ಖಾನೆಗಳು ಬಂದ ಮೇಲೆ ಅವಕ್ಕೆ ಬಿಡಿಭಾಗ ಕೊಡುವ ಜಪಾನಿ ಕಂಪನಿಗಳೂ ಬಂದವು. ಅಂಥ ಕಡೆ ಮೂರು ನಾಲ್ಕು ವರ್ಷಕ್ಕೆ ಅಂತ ಜಪಾನಿನಿಂದ ಮ್ಯಾನೇಜರ್‌ಗಳು ಬಂದು ಹೋಗುತ್ತಿರುತ್ತಾರೆ. ಅವರಲ್ಲಿ ಒಬ್ಬರಿಗೆ ನಾನು ಮನೆಗೆ ಹೋಗಿ ಪಾಠ ಹೇಳುತ್ತಿದ್ದೆ. ಟೊಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಅವರ ಅಂಕ ಒಳ್ಳೆಯದೇ ಇತ್ತು. 990ಕ್ಕೆ ನಡೆಯುವ ಆ ಪರೀಕ್ಷೆಯನ್ನು ಜಪಾನಿನ ಎಷ್ಟೋ ಕಂಪನಿಗಳು ಬಡ್ತಿಗೂ ನೋಡುತ್ತವೆ. ಆದರೆ ಫ್ಯಾಕ್ಟರಿಯ ಮೀಟಿಂಗಿನಲ್ಲಿ ನಮ್ಮವರ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ. ಅವರು ಕೇಳಿದ್ದು ಒಂದೇ: "ನನಗೆ ಲಂಡನ್ನಿನ ಇಂಗ್ಲಿಷ್ ಬೇಡ ಸೆನ್ಸೇ (ಟೀಚರ್). ನಾಳೆ ಹತ್ತು ಗಂಟೆ ಮೀಟಿಂಗಿನ ಇಂಗ್ಲಿಷ್ ಬೇಕು."

ಅವರು ಊರಿಗೆ ವಾಪಸ್ ಹೋದ ಮೇಲೂ ಪಾಠ ಮುಂದುವರಿಯಿತು. ಅಲ್ಲಿ ಐಚಿ ಪ್ರಾಂತ್ಯದ ಕಚೇರಿಯಲ್ಲಿ ಕೂತು ಭಾರತದ ತಂಡದ ಜೊತೆ ದಿನಾ ಮಾತಾಡುವ ಇನ್ನೊಂದಿಷ್ಟು ಜನರನ್ನೂ ಸೇರಿಸಿದರು. ಇಂಥ ಪಾಠವನ್ನು ಮನಿಲಾದವರಿಗಿಂತ, ಲಂಡನ್ನಿನವರಿಗಿಂತ ನಾವು ಚೆನ್ನಾಗಿ ಕೊಡಬಹುದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗ.

ಯಾಕೆ ಅಂದರೆ, ಜಪಾನಿ ಭಾಷೆಯ ವಾಕ್ಯ ಹೆಚ್ಚುಕಮ್ಮಿ ಕನ್ನಡದ ವಾಕ್ಯದ ಹಾಗೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ. 'ಇಂದ', 'ಗೆ', 'ಅಲ್ಲಿ' ಇವೆಲ್ಲ ನಾಮಪದ ಆದ ಮೇಲೆ. 'ಎ', 'ದ' ಅನ್ನುವ ಆರ್ಟಿಕಲ್‌ಗಳೇ ಇಲ್ಲ. ನಾವು "ನಿನ್ನೆ ಬಂದ ಡ್ರಾಯಿಂಗ್" ಅನ್ನುತ್ತೇವೆ, ಅವರು "ಕಿನೋ ಕಿತಾ ಝುಮೆನ್" ಅನ್ನುತ್ತಾರೆ. ಪದಕ್ಕೆ ಪದ ಸರಿಹೊಂದುತ್ತದೆ: ನಿನ್ನೆ, ಬಂದ, ಡ್ರಾಯಿಂಗ್. ಇಂಗ್ಲಿಷಿನಲ್ಲಿ ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಡ್ರಾಯಿಂಗ್ ಹೇಳಿ, ಆಮೇಲೆ 'ದಟ್ ಕೇಮ್ ಯೆಸ್ಟರ್‌ಡೇ' ಸೇರಿಸಬೇಕು. ನನ್ನ ವಿದ್ಯಾರ್ಥಿ ಇಲ್ಲಿ ಬಂದು ತಡವರಿಸುತ್ತಾರೆ. ಯಾಕೆ ತಡವರಿಸುತ್ತಾರೆ ಅಂತ ನನಗೆ ಗೊತ್ತು. ಹೈಸ್ಕೂಲಿನಲ್ಲಿ ನಾನು ತಡವರಿಸಿದ್ದೂ ಅಲ್ಲೇ. ಹಾಗಾಗಿ ವ್ಯಾಕರಣದ ಹೆಸರುಗಳನ್ನು ಹೇಳುವುದಿಲ್ಲ. ಮೊದಲು ವಸ್ತು ಯಾವುದು ಹೇಳಿ, ನಿಲ್ಲಿ, ಆಮೇಲೆ ಅದರ ವಿವರ ಕೊಡಿ ಅನ್ನುತ್ತೇನೆ. ಡ್ರಾಯಿಂಗ್, ನಿಲುಗಡೆ, ನಿನ್ನೆ ಬಂದದ್ದು. ಬೋಲ್ಟ್, ನಿಲುಗಡೆ, ತುಕ್ಕು ಹಿಡಿದದ್ದು. ಈ ನಿಲುಗಡೆ ಅಭ್ಯಾಸವಾದರೆ ವಾಕ್ಯ ತಾನಾಗಿ ಕೂರುತ್ತದೆ.

'ಯೆಸ್' ಮತ್ತು 'ನೋ' ಇನ್ನೊಂದು. "ಪಾರ್ಟ್ ಇನ್ನೂ ಬಂದಿಲ್ವಾ?" ಅಂತ ಕೇಳಿದರೆ ನಾವು "ಹೂಂ, ಬಂದಿಲ್ಲ" ಅನ್ನುತ್ತೇವೆ. ಜಪಾನಿನವರೂ "ಹಾಯ್, ಬಂದಿಲ್ಲ" ಅನ್ನುತ್ತಾರೆ, 'ಹಾಯ್' ಅಂದರೆ ಹೌದು. ಇಂಗ್ಲಿಷಿನಲ್ಲಿ ಅಲ್ಲಿಗೆ 'ನೋ' ಬರಬೇಕು. ಫೋನಿನಲ್ಲಿ ಬರೀ 'ಯೆಸ್' ಅಂದು ಸುಮ್ಮನಾದರೆ ಪಾರ್ಟ್ ಬಂದಿದೆ ಅಂತ ಆ ಕಡೆಯವರು ತಿಳಿದುಕೊಳ್ಳುತ್ತಾರೆ. ಕಾರ್ಖಾನೆಯ ಅಸೆಂಬ್ಲಿ ಲೈನ್ ನಿಲ್ಲುವುದಕ್ಕೆ ಇಷ್ಟು ಸಾಕು. ನನ್ನ ತರಗತಿಯ ನಿಯಮ: ಇಂಥ ಪ್ರಶ್ನೆಗೆ 'ಯೆಸ್', 'ನೋ' ಎರಡೂ ಬೇಡ, "ಇಟ್ ಹ್ಯಾಸ್ ನಾಟ್ ಕಮ್" ಅಂತ ಪೂರ್ತಿ ವಾಕ್ಯ ಹೇಳಿ.

ಸಂಖ್ಯೆಯ ಪಾಠ ನನಗೆ ತುಂಬ ಇಷ್ಟ. ಜಪಾನಿನಲ್ಲಿ ಹತ್ತು ಸಾವಿರಕ್ಕೆ 'ಮಾನ್' ಅಂತ ಒಂದು ಘಟಕ ಇದೆ. ಅವರ ಎಣಿಕೆ ಎಲ್ಲ ಅದರ ಮೇಲೆ. ನಮ್ಮದು ಲಕ್ಷದ ಮೇಲೆ. ನಮ್ಮ ಪರ್ಚೇಸ್ ವಿಭಾಗದವರು "ಒನ್ ಪಾಯಿಂಟ್ ಟೂ ಲ್ಯಾಕ್ ಪೀಸಸ್" ಅಂದಾಗ ಆ ಕಡೆಯವರು ಅದನ್ನು ಮಿಲಿಯನ್‌ಗೆ ಬದಲಿಸಿ, ಆಮೇಲೆ ಮಾನ್‌ಗೆ ತಂದು ಒದ್ದಾಡುತ್ತಾರೆ. ಮಿಲಿಯನ್ ಇಬ್ಬರಿಗೂ ಬೇಡ. ಒಂದು ಲಕ್ಷ ಅಂದರೆ ಹತ್ತು ಮಾನ್, ಅಷ್ಟೇ. 1.2 ಲಕ್ಷ ಅಂದರೆ 12 ಮಾನ್. ಬಿಂದುವನ್ನು ಒಂದು ಮನೆ ಆಚೆ ಸರಿಸಿದರೆ ಮುಗಿಯಿತು. ಇದನ್ನು ಬರೆದು ತೋರಿಸಿದ ದಿನ ಎಲ್ಲರೂ ಮೈಕ್ ಆನ್ ಮಾಡಿ "ಓ" ಅಂತಾರೆ. ಈ ಪಾಠ ಯಾವ ಆಕ್ಸ್‌ಫರ್ಡ್ ಪದವೀಧರರಿಗೂ ತಾನಾಗಿ ಹೊಳೆಯುವುದಿಲ್ಲ.

ಕೇಳುವ ಅಭ್ಯಾಸಕ್ಕೆ ನಾನೇ ಧ್ವನಿಗಳನ್ನು ಕೂಡಿಹಾಕಿದೆ. ಪೀಣ್ಯದಲ್ಲಿ ಕೆಲಸ ಮಾಡುವ ಗೆಳೆಯರು, ಹೊಸೂರಿನ ತಮಿಳು ಮಾತಾಡುವ ಸೂಪರ್‌ವೈಸರ್, ಪುಣೆಯ ಕ್ವಾಲಿಟಿ ಎಂಜಿನಿಯರ್, ಹೀಗೆ. ಎಲ್ಲರಿಗೂ ಒಂದೇ ವಿಷಯ ಕೊಟ್ಟೆ: ಮಾಲು ಯಾಕೆ ತಡ ಆಯಿತು ಅಂತ ನಿಮ್ಮ ದಿನನಿತ್ಯದ ವೇಗದಲ್ಲೇ ಹೇಳಿ. 'ಡೂ ಒನ್ ಥಿಂಗ್' ಬರಲಿ, 'ಪ್ರೀಪೋನ್' ಬರಲಿ, 'ಡಬಲ್ ಫೋರ್' ಬರಲಿ, ಯಾವುದನ್ನೂ ತಿದ್ದಲಿಲ್ಲ. ಧ್ವನಿ ಬಳಸುವುದಕ್ಕೆ ಅವರಿಂದ ಬರಹದಲ್ಲಿ ಒಪ್ಪಿಗೆ ತಗೊಂಡೆ, ದುಡ್ಡನ್ನೂ ಕೊಟ್ಟೆ. ನನ್ನ ಪಾಠಕ್ಕೆ ಬೆಲೆ ಬಂದದ್ದು ಮುಖ್ಯವಾಗಿ ಈ ರೆಕಾರ್ಡಿಂಗ್‌ಗಳಿಂದ. ಕಂಪನಿಯ ನಿಜವಾದ ಡ್ರಾಯಿಂಗ್, ಮೇಲ್ ಯಾವುದನ್ನೂ ನಾನು ಪಾಠಕ್ಕೆ ಬಳಸುವುದಿಲ್ಲ. ಗೋಪ್ಯತೆ ಒಪ್ಪಂದಕ್ಕೆ ಸಹಿ ಹಾಕಿರುತ್ತೇವೆ. ಒಂದು ಬ್ರಾಕೆಟ್, ನಾಲ್ಕು ತೂತು, ಒಂದು ತಪ್ಪು ಅಳತೆ ಇರುವ ಚಿತ್ರವನ್ನು ನಾನೇ ಬರೆದಿದ್ದೇನೆ. ಆ ತಪ್ಪನ್ನು ಹುಡುಕಿ, ಭಾರತದ ತಂಡಕ್ಕೆ ಫೋನಿನಲ್ಲಿ ವಿವರಿಸುವುದೇ ಅಭ್ಯಾಸ.

ಸಮಯ ನಮ್ಮ ಪರವಾಗಿದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರ ಮಧ್ಯಾಹ್ನ ಹನ್ನೆರಡರ ಊಟದ ಬಿಡುವು ಅಂದರೆ ನಮಗೆ ಬೆಳಿಗ್ಗೆ ಎಂಟೂವರೆ. ಅವರು ಕಚೇರಿ ಮುಗಿಸಿ ಸಂಜೆ ಆರಕ್ಕೆ ಕೂತರೆ ನಮಗೆ ಮಧ್ಯಾಹ್ನ ಎರಡೂವರೆ. ಅಮೆರಿಕದವರಿಗೆ ಕಲಿಸುವವರ ಹಾಗೆ ರಾತ್ರಿ ನಿದ್ದೆಗೆಡಬೇಕಿಲ್ಲ.

ಕಂಪನಿಗಳಿಗೆ ಮಾರುವುದಾದರೆ ಕ್ಯಾಲೆಂಡರ್ ನೋಡಬೇಕು. ಜಪಾನಿನ ಹೆಚ್ಚಿನ ಕಂಪನಿಗಳ ಲೆಕ್ಕದ ವರ್ಷ ನಮ್ಮ ಹಾಗೇ ಏಪ್ರಿಲ್‌ನಿಂದ ಮಾರ್ಚ್. ತರಬೇತಿಯ ಬಜೆಟ್ ಅದಕ್ಕೆ ಮೊದಲೇ ತೀರ್ಮಾನ ಆಗಿರುತ್ತದೆ. ಹಾಗಾಗಿ ಪ್ರಸ್ತಾವನೆ ಜನವರಿಯಲ್ಲೇ ಅವರ ಕೈಯಲ್ಲಿರಬೇಕು, ಅದೂ ಜಪಾನಿ ಭಾಷೆಯಲ್ಲಿ. ಅನುವಾದಕ್ಕೆ ಖರ್ಚು ಮಾಡಿ, ಜಿಪುಣತನ ಬೇಡ. ಬಿಲ್ಲಿನ ಪದ್ಧತಿಯೂ ಬೇರೆ. ಸಾಮಾನ್ಯವಾಗಿ ತಿಂಗಳ ಕೊನೆಗೆ ಲೆಕ್ಕ ಮುಚ್ಚಿ, ಮುಂದಿನ ತಿಂಗಳ ಕೊನೆಗೆ ಹಣ ಕಳಿಸುತ್ತಾರೆ. ಅಂದರೆ ಶುರುವಿನಲ್ಲಿ ಎರಡು ತಿಂಗಳ ಮನೆಖರ್ಚು ಕೈಯಲ್ಲಿ ಇರಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್ ರಜೆ, ಆಗಸ್ಟ್ ಮಧ್ಯದಲ್ಲಿ ಓಬೋನ್ ಹಬ್ಬದ ರಜೆ. ಆಗ ಪಾಠ ಇಲ್ಲ, ಹಣವೂ ಇಲ್ಲ.

ಈಗ ಕಾಗದಪತ್ರ. ಅದೇ ಮ್ಯಾನೇಜರ್‌ಗೆ ಬೆಂಗಳೂರಿನಲ್ಲಿ ಪಾಠ ಹೇಳಿದರೆ ಅದು ರಫ್ತು ಅಲ್ಲ. ಜಪಾನಿನಲ್ಲಿ ಕೂತಿರುವ ಅವರಿಗೆ, ನಾನು ಇಲ್ಲಿಂದ ಹೇಳಿಕೊಟ್ಟು, ಹಣ ವಿದೇಶಿ ವಿನಿಮಯದಲ್ಲಿ ಬಂದರೆ ಜಿಎಸ್‌ಟಿ ಕಾನೂನಿನ ಪ್ರಕಾರ ರಫ್ತು. ರಫ್ತಿಗೆ ತೆರಿಗೆ ದರ ಸೊನ್ನೆ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಈ ಲೆಕ್ಕಕ್ಕೆ ರಫ್ತಿನ ಹಣವೂ ಸೇರುತ್ತದೆ. ನೋಂದಣಿ ಆದ ಮೇಲೆ ತೆರಿಗೆ ಕಟ್ಟದೆ ರಫ್ತು ಮಾಡುವುದಕ್ಕೆ ಎಲ್‌ಯುಟಿ ಅನ್ನುವ ಮುಚ್ಚಳಿಕೆಯನ್ನು ಪೋರ್ಟಲ್‌ನಲ್ಲೇ ಕೊಡಬೇಕು. ಫಾರಂ ಹೆಸರು ಆರ್‌ಎಫ್‌ಡಿ-11. ಮಾರ್ಚ್ 31ಕ್ಕೆ ಅದರ ಅವಧಿ ಮುಗಿಯುತ್ತದೆ, ಪ್ರತಿ ವರ್ಷ ಹೊಸದು ಹಾಕಬೇಕು. ಹಣ ಯಾತಕ್ಕೆ ಬಂತು ಅಂತ ಸೂಚಿಸುವ ಪರ್ಪಸ್ ಕೋಡನ್ನು ಬ್ಯಾಂಕಿನವರು ಕೇಳುತ್ತಾರೆ, ಶಿಕ್ಷಣ ಸೇವೆಗೆ ಪಿ1107. ಪ್ರತಿ ಸಲ ಹಣ ಬಂದಾಗಲೂ ವಿದೇಶಿ ಹಣ ಸ್ವೀಕೃತಿಯ ಪ್ರಮಾಣಪತ್ರ ಕೇಳಿ ಪಡೆದು, ಬಿಲ್ಲಿನ ಜೊತೆ ಪಿನ್ ಮಾಡಿ ಇಡಿ. ರಫ್ತು ಅಂತ ತೋರಿಸುವುದಕ್ಕೆ ಅದೇ ಆಧಾರ. ಆದಾಯ ತೆರಿಗೆ ಬೇರೆ ವಿಷಯ, ಅದನ್ನು ಮಾಮೂಲಿನಂತೆ ಕಟ್ಟಲೇಬೇಕು. ಒಬ್ಬ ಒಳ್ಳೆಯ ಆಡಿಟರ್ ಇದ್ದರೆ ಇದೆಲ್ಲ ತಲೆನೋವಲ್ಲ.

ತಲೆನೋವು ಯೆನ್. 2020ರಲ್ಲಿ ನೂರು ಯೆನ್‌ಗೆ 70 ರೂಪಾಯಿ ಆಸುಪಾಸು ಸಿಗುತ್ತಿತ್ತು. 2024ರ ಮಧ್ಯದ ಹೊತ್ತಿಗೆ ಅದು 52ರ ಹತ್ತಿರ ಬಂತು. ನನ್ನ ಫೀಸು ತೊಂಬತ್ತು ನಿಮಿಷದ ಗುಂಪು ಪಾಠಕ್ಕೆ 9,000 ಯೆನ್. ಜಪಾನಿನಲ್ಲಿ ಆ ಮೊತ್ತ ಒಂದು ಯೆನ್ ಕೂಡ ಬದಲಾಗಲಿಲ್ಲ. ನನ್ನ ಕೈಗೆ ಬರುವುದು ಮಾತ್ರ ಕಾಲು ಭಾಗ ಕರಗಿತು. ಹಾಗಾಗಿ ಈಗ ಒಪ್ಪಂದದಲ್ಲೇ ಒಂದು ಸಾಲು ಸೇರಿಸುತ್ತೇನೆ: ರೂಪಾಯಿ ಲೆಕ್ಕದಲ್ಲಿ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮುಂದಿನ ಆರು ತಿಂಗಳಿಗೆ ಫೀಸು ಮತ್ತೆ ಮಾತಾಡುವುದು. ಇದು ಏರಿಳಿತ ಎರಡಕ್ಕೂ ಅನ್ವಯ. ಮರೆಮಾಚದೆ ಹೇಳಿದರೆ ಜಪಾನಿನವರು ಇಂಥದ್ದಕ್ಕೆ ಒಪ್ಪುತ್ತಾರೆ. ವರ್ಷದ ನಡುವೆ ಇದ್ದಕ್ಕಿದ್ದ ಹಾಗೆ ಫೀಸು ಏರಿಸುವುದು ಅವರಿಗೆ ಹಿಡಿಸುವುದಿಲ್ಲ.

ಮುಂದೆ ನನ್ನ ಕಣ್ಣು ಕೊರಿಯಾದ ಮೇಲಿದೆ. ಕೊರಿಯನ್ ವಾಕ್ಯವೂ ಕನ್ನಡದ ಹಾಗೇ, ಕ್ರಿಯಾಪದ ಕೊನೆಗೆ. ಚೆನ್ನೈ ಸುತ್ತಮುತ್ತ ಕೊರಿಯಾದ ಕಾರ್ಖಾನೆಗಳು ಬೇಕಾದಷ್ಟಿವೆ. ಕೊರಿಯಾಕ್ಕೇ ಹೋಗಿ ಕಲಿಸುವ ವೀಸಾ ಮಾತ್ರ ಬಹಳ ಕಾಲ ಇಂಗ್ಲಿಷ್ ಮಾತೃಭಾಷೆಯ ಏಳು ದೇಶದವರಿಗಷ್ಟೇ ಸಿಗುತ್ತಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೂ ಒಂದು ಬಾಗಿಲು ತೆರೆಯಿತು. ಪದವಿಯ ಜೊತೆ ಶಿಕ್ಷಕ ಅರ್ಹತೆ ಇದ್ದವರು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಈ ವಿಷಯ ನಮ್ಮ ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರಿಗೆ ಗೊತ್ತೇ ಇಲ್ಲ. ಅವರ ಕಾಲೇಜಿನವರು ಹೇಳಬೇಕಿತ್ತು ಅಂತ ನನಗೆ ನಿಜವಾಗಿಯೂ ಬೇಸರವಿದೆ.

ನನ್ನ ಜೊತೆ ಕಲಿಸುವುದಕ್ಕೆ ಬರುತ್ತೇನೆ ಅಂತ ಫೋನ್ ಮಾಡುವವರಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಏನೇನು ನೋಡಬೇಕು ಅಂತ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿ, ರೆಕಾರ್ಡ್ ಮಾಡಿ ಕಳಿಸಿ. ಉಚ್ಚಾರಣೆ ಹೇಗಿದೆ ಅಂತ ನಾನು ನೋಡುವುದಿಲ್ಲ. ಗ್ಯಾಸ್ಕೆಟ್, ಹಿಡಿ, ವೆಯ್ಟ್ ಯಾವುದಾದ ಮೇಲೆ ಯಾವುದು ಅಂತ ಕ್ರಮವಾಗಿ ಹೇಳಿದ್ದಾರಾ, ನಿಲ್ಲಬೇಕಾದ ಕಡೆ ನಿಂತಿದ್ದಾರಾ ಅಂತ ಕೇಳುತ್ತೇನೆ. ಅದು ಬಂದವರಿಗೆ ಮುಂದಿನ ವಾರವೇ ಒಂದು ತರಗತಿ ಕೂತು ನೋಡುವುದಕ್ಕೆ ಲಿಂಕ್ ಕಳಿಸುತ್ತೇನೆ.